40 ಜಿಬಿ ವಿಡಿಯೋ ಫೋನಿನಿಂದ ಕಂಪ್ಯೂಟರಿಗೆ: ಕೊನೆಗೂ ಕೈಕೊಡದ ದಾರಿ ಸಿಕ್ಕಿತು

ಫೋನಿನಲ್ಲಿ ಉದ್ದುದ್ದ ವಿಡಿಯೋ ತೆಗೆಯುವುದು ಈಗ ಯಾರಿಗೂ ಕಷ್ಟವಲ್ಲ. ತೆಗೆದದ್ದನ್ನು ಕಂಪ್ಯೂಟರಿಗೆ ಇಳಿಸುವುದರಲ್ಲೇ ಜೀವ ಹೋಗುವುದು. ನಾನು ತೆಗೆಯುವುದು ಹೆಚ್ಚಾಗಿ ಉಪನ್ಯಾಸ, ವೇದಿಕೆ ಕಾರ್ಯಕ್ರಮ. ಎರಡು ಗಂಟೆಗೆ ಕಡಿಮೆ ಇರುವುದೇ ಅಪರೂಪ. 4ಕೆ, ಸೆಕೆಂಡಿಗೆ 30 ಫ್ರೇಮು, ನಿಮಿಷಕ್ಕೆ ಹತ್ತಿರ ಹತ್ತಿರ 350 ಎಂಬಿ. ಎರಡು ಗಂಟೆಗೆ 40 ಜಿಬಿ ದಾಟುತ್ತದೆ. ಎಚ್‌ಇವಿಸಿಯಲ್ಲಿ (ವಿಡಿಯೋವನ್ನು ಹೆಚ್ಚು ಕುಗ್ಗಿಸುವ ಹೊಸ ವಿಧಾನ) ತೆಗೆದರೆ ಅರ್ಧಕ್ಕರ್ಧ ಇಳಿಯುತ್ತದೆ, ನಿಜ. ಆದರೆ ಎಡಿಟಿಂಗ್‌ಗೆ ಕೂತಾಗ ನನ್ನ ಹಳೇ ಲ್ಯಾಪ್‌ಟಾಪ್ ಅದನ್ನು ಕಂಡರೆ ಏದುಸಿರು ಬಿಡುತ್ತದೆ. ಹಾಗಾಗಿ ಹಳೆಯ ವಿಧಾನವಾದ ಎಚ್.264ರಲ್ಲೇ ಉಳಿದುಕೊಂಡಿದ್ದೇನೆ, ದೊಡ್ಡ ಫೈಲಿನ ತಲೆನೋವನ್ನೂ ಒಪ್ಪಿಕೊಂಡಿದ್ದೇನೆ.

ಯುಎಸ್‌ಬಿ ಕೇಬಲ್ ಮೇಲೆ ಆರ್‌ಸಿಂಕ್ (ಒಂದು ಯಂತ್ರದಿಂದ ಇನ್ನೊಂದಕ್ಕೆ ಫೈಲು ನಕಲಿಸುವ ಸಾಧನ) ಓಡಿಸುತ್ತೇನೆ ಎಂದಾಗ ಗೊತ್ತಿದ್ದವರೆಲ್ಲ ನಕ್ಕರು. ಅದು ನೆಟ್‌ವರ್ಕ್‌ಗೆ ಮಾಡಿದ ಸಾಧನ, ಕೇಬಲ್ಲಿಗೆ ಯಾಕೆ ಅಂದರು. ಸುಮ್ಮನೆ ಎಸ್‌ಎಸ್‌ಡಿ (ಹೊರಗಿನ ವೇಗದ ಡ್ರೈವ್) ತಗೊಳ್ಳಿ ಅಂದರು. ಕ್ಲೌಡ್ ಇರುವಾಗ ಈ ಕಾಲದಲ್ಲಿ ಕೇಬಲ್ ಯಾರು ಚುಚ್ಚುತ್ತಾರೆ ಅಂತ ಒಬ್ಬರು ಕೇಳಿದರು. ಈಗ ಅವರಲ್ಲಿ ಇಬ್ಬರು ನನ್ನ ಸ್ಕ್ರಿಪ್ಟನ್ನೇ ಬಳಸುತ್ತಿದ್ದಾರೆ. ಹಾಗಾಗಿ ಸ್ವಲ್ಪ ಜಂಬ ಪಟ್ಟುಕೊಂಡೇ ಬರೆಯುತ್ತೇನೆ. ಎಡಿಬಿ (ಕಂಪ್ಯೂಟರಿನಿಂದ ಆಂಡ್ರಾಯ್ಡ್ ಫೋನಿಗೆ ಆಜ್ಞೆ ಕೊಡುವ ಸಾಧನ), ಟರ್ಮಕ್ಸ್ (ಫೋನಿನಲ್ಲೇ ಲಿನಕ್ಸ್ ಆಜ್ಞೆ ಓಡಿಸುವ ಆಪ್), ಎಸ್‌ಎಸ್‌ಎಚ್ (ಇನ್ನೊಂದು ಯಂತ್ರದೊಳಗೆ ಗೂಢಲಿಪಿಯಲ್ಲಿ ಹೊಗುವ ದಾರಿ) ಇವೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ. ಗೊತ್ತಿಲ್ಲದಿದ್ದರೆ ಇದು ಸ್ವಲ್ಪ ಕಷ್ಟವಾದೀತು.

ಮೊದಲು ಸೋತದ್ದರ ಕಥೆ ಹೇಳಿಬಿಡುತ್ತೇನೆ, ಅದೇ ಜಾಸ್ತಿ ಇದೆ.

ಎಲ್ಲರಂತೆ ನನ್ನದೂ ಶುರುವಾಗಿದ್ದು ಎಂಟಿಪಿಯಿಂದ, ಅಂದರೆ ಕೇಬಲ್ ಹಾಕಿದಾಗ ಫೋನೇ ಕೊಡುವ ಫೈಲ್ ಸಾಗಣೆಯ ವ್ಯವಸ್ಥೆಯಿಂದ. ಕೇಬಲ್ ಹಾಕು, ಫೈಲ್ ಟ್ರಾನ್ಸ್‌ಫರ್ ಒತ್ತು, ಫೋಲ್ಡರ್ ತೆರೆದು ಎಳೆದು ಹಾಕು. ಫೋಟೋಗಳಿಗೆ, ಒಂದೆರಡು ಜಿಬಿಯ ಕ್ಲಿಪ್‌ಗಳಿಗೆ ತೊಂದರೆಯಿಲ್ಲ. 40 ಜಿಬಿಯ ಒಂದೇ ಫೈಲಿಗೆ ಮಾತ್ರ ಅದು ಜೂಜು. ಹಿಂದೆ ಫೋನು ಪೆನ್‌ಡ್ರೈವಿನಂತೆ ಕಾಣಿಸುತ್ತಿದ್ದ ಕಾಲ ನೆನಪಿರುವವರಿಗೆ ಗೊತ್ತು, ಆಗ ಫೋನು ತನ್ನ ಸ್ಟೋರೇಜನ್ನು ಬಿಟ್ಟುಕೊಟ್ಟು ಇಡಿಯಾಗಿ ಕಂಪ್ಯೂಟರಿನ ಕೈಗೆ ಒಪ್ಪಿಸಬೇಕಿತ್ತು. 2011ರಲ್ಲಿ ಆಂಡ್ರಾಯ್ಡ್ 3.0 ಬಂದಾಗಿನಿಂದ ಎಂಟಿಪಿ ಕಡೆಗೆ ಹೊರಳಿದರು. ಫೋನಿಗೆ ಅದು ಕ್ಷೇಮ. ನಮಗೆ ಮಾತ್ರ ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಕಿಟಕಿ ಸಿಕ್ಕಿತು. ಕಾಪಿ ನಡೆಯುವಾಗ ಇನ್ನೊಂದು ಫೋಲ್ಡರ್ ತೆರೆದರೆ ತಡಬಡಾಯಿಸುತ್ತದೆ. ಜೊತೆಗೆ ಎಂಟಿಪಿಯ ಮೂಲ ವಿವರಪಟ್ಟಿಯಲ್ಲಿ ಫೈಲಿನ ಗಾತ್ರಕ್ಕೆ ಇಟ್ಟಿರುವ ಜಾಗ 32 ಬಿಟ್ ಮಾತ್ರ, ಅಂದರೆ 4 ಜಿಬಿಯವರೆಗೆ. ಅದಕ್ಕಿಂತ ದೊಡ್ಡದಾದರೆ ಗಾತ್ರವನ್ನು ಬೇರೆ ದಾರಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ಎರಡೂ ಕಡೆಯ ಸಾಫ್ಟ್‌ವೇರ್ ಅದನ್ನು ನೆಟ್ಟಗೆ ಬರೆದಿದ್ದರೆ ಸರಿ. ಬರೆದಿರದಿದ್ದರೆ ಪ್ರಗತಿಪಟ್ಟಿ ನೂರು ಮುಟ್ಟಿದ ಮೇಲೂ ಕಾಪಿ ಮುಗಿಯದೆ ಓಡುತ್ತಲೇ ಇರುವುದನ್ನು ನೋಡಬಹುದು. ನಾನು ನೋಡಿದ್ದೇನೆ.

ಎಂಟಿಪಿಯ ನಿಜವಾದ ಪಾಪ ಅದಲ್ಲ. ನಿಂತರೆ ನಿಂತೇಹೋಯಿತು, ಅದು ಪಾಪ. ಕೇಬಲ್ ಅಲ್ಲಾಡಿತು, ಫೋನಿಗೆ ಕರೆ ಬಂತು, ಲ್ಯಾಪ್‌ಟಾಪ್ ನಿದ್ದೆಗೆ ಜಾರಿತು, ಕಾರಣ ಯಾವುದಾದರೂ ಇರಲಿ, 38 ಜಿಬಿ ಬಂದಿದ್ದರೂ ಮತ್ತೆ ಸೊನ್ನೆಯಿಂದ. ಬಂದಷ್ಟರಲ್ಲಿ ತೃಪ್ತಿಪಡೋಣ ಅಂದರೆ ಅದೂ ಆಗುವುದಿಲ್ಲ. ಎಂಪಿ4 ಫೈಲಿಗೆ ಮೂವ್ ಅಂತ ಒಂದು ಭಾಗ ಇರುತ್ತದೆ, ಯಾವ ಫ್ರೇಮು ಎಲ್ಲಿದೆ ಅನ್ನುವ ಅನುಕ್ರಮಣಿಕೆ. ಶೂಟಿಂಗ್ ನಿಲ್ಲಿಸುವ ತನಕ ಕ್ಯಾಮೆರಾಗೆ ಆ ಲೆಕ್ಕ ಪೂರ್ತಿ ಗೊತ್ತಿರುವುದಿಲ್ಲವಾದ್ದರಿಂದ ಅದನ್ನು ಸಾಮಾನ್ಯವಾಗಿ ಫೈಲಿನ ಬಾಲದಲ್ಲಿ ಬರೆಯುತ್ತದೆ. ಬಾಲ ಬಾರದೆ ಉಳಿದರೆ 38 ಜಿಬಿಯೂ ಒಂದೇ, ಸೊನ್ನೆಯೂ ಒಂದೇ. ಎಫ್‌ಎಫ್‌ಎಂಪೆಗ್‌ಗೆ (ವಿಡಿಯೋ ಸಂಸ್ಕರಿಸುವ ಸಾಧನ) ಕೊಟ್ಟರೆ ಮೂವ್ ಆಟಮ್ ಸಿಗಲಿಲ್ಲ ಅಂತ ಒಂದು ಸಾಲು ಹೇಳಿ ಕೈತೊಳೆದುಕೊಳ್ಳುತ್ತದೆ. ಆ ಸಾಲು ನೋಡಿದ ದಿನವೇ ನಾನು ವೇಗದ ಹುಚ್ಚು ಬಿಟ್ಟು, ಎಲ್ಲಿ ನಿಂತಿತೋ ಅಲ್ಲಿಂದ ಹೊರಡುವ ದಾರಿ ಹುಡುಕಲು ಕೂತೆ.

ಕ್ಲೌಡ್‌ಗೆ ಹೆಚ್ಚು ಸಾಲು ವ್ಯರ್ಥ ಮಾಡುವುದಿಲ್ಲ. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಅಂತ ಇಟ್ಟುಕೊಳ್ಳಿ, ಅದು ಬಿಟ್ಸ್, ಬೈಟ್ಸ್ ಅಲ್ಲ. 40 ಜಿಬಿಗೆ ನಾಲ್ಕೂವರೆ ಗಂಟೆ. ಆಮೇಲೆ ಅದನ್ನೇ ಕೆಳಗಿಳಿಸಬೇಕು. ಎರಡಡಿ ದೂರದಲ್ಲಿರುವ ಲ್ಯಾಪ್‌ಟಾಪಿಗೆ ಫೈಲು ಯಾವುದೋ ಖಂಡ ಸುತ್ತಿ ಬರುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆದರೂ ಸುಮಾರು ಒಂದು ವರ್ಷ ತಿಂಗಳ ಬಾಡಿಗೆ ಕಟ್ಟಿದೆ, ಬ್ಯಾಕಪ್ಪೂ ಆಗುತ್ತದಲ್ಲ ಅಂತ. ಆ ದುಡ್ಡು ಕೂಡಿಟ್ಟಿದ್ದರೆ ಒಂದು ಸಾಧಾರಣ ಎಸ್‌ಎಸ್‌ಡಿ ಬರುತ್ತಿತ್ತು. ಮೆಸೇಜಿಂಗ್ ಆಪ್‌ನಲ್ಲಿ ನಮಗೆ ನಾವೇ ಕಳಿಸಿಕೊಳ್ಳುವುದಂತೂ ಕೇಳಲೇಬೇಡಿ. ವಿಡಿಯೋ ಅಂತ ಕಳಿಸಿದರೆ ಹಿಂಡಿ ಹಿಪ್ಪೆ ಮಾಡುತ್ತವೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಗಾತ್ರದ ಮಿತಿ ಅಡ್ಡ ಬರುತ್ತದೆ.

ವೈಫೈ ಮೇಲೆ ನನಗೆ ಬಹಳ ದಿನ ಆಸೆ ಇತ್ತು. ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ. 5 ಗಿಗಾಹರ್ಟ್ಸ್, 80 ಮೆಗಾಹರ್ಟ್ಸ್ ಅಗಲ, ಎರಡು ಆಂಟೆನಾ ಇದ್ದರೆ ಲಿಂಕು 866 ಎಂಬಿಪಿಎಸ್ ತೋರಿಸುತ್ತದೆ. ಕೈಗೆ ಸಿಗುವುದು ಅದರ ಅರ್ಧದಷ್ಟು, ಸೆಕೆಂಡಿಗೆ 50 ಎಂಬಿ ಆಸುಪಾಸು. ಆದರೆ ಫೋನೂ ವೈಫೈ, ಲ್ಯಾಪ್‌ಟಾಪೂ ವೈಫೈ ಅಂದಾಗ ಒಂದೇ ಗಾಳಿಯಲ್ಲಿ ಫೈಲು ಎರಡು ಸಲ ಹಾರಬೇಕು, ಫೋನಿಂದ ರೌಟರಿಗೆ ಒಮ್ಮೆ, ರೌಟರಿಂದ ಲ್ಯಾಪ್‌ಟಾಪಿಗೆ ಇನ್ನೊಮ್ಮೆ. ವೇಗ ಮತ್ತೆ ಅರ್ಧ. ಲ್ಯಾಪ್‌ಟಾಪನ್ನು ಈಥರ್ನೆಟ್ ತಂತಿಯಲ್ಲಿ ರೌಟರಿಗೆ ಕಟ್ಟಿದ ತಕ್ಷಣ ಹತ್ತಿರ ಹತ್ತಿರ ದುಪ್ಪಟ್ಟಾಯಿತು. ಖರ್ಚು ಒಂದು ತಂತಿ ಮಾತ್ರ. ವೈಫೈಯಲ್ಲೇ ಉಳಿಯುವವರು ಬೇರೇನೂ ಮಾಡದಿದ್ದರೂ ಇದೊಂದು ಮಾಡಿ.

ನನಗೆ ವೈಫೈ ಕೈಕೊಟ್ಟಿದ್ದು ವೇಗದಲ್ಲಲ್ಲ. ಪರದೆ ಆರಿದ ಮೇಲೆ ಫೋನು ಹಿನ್ನೆಲೆಯ ಆಪ್‌ಗಳ ಕತ್ತು ಹಿಸುಕುತ್ತದೆ. ಆಂಡ್ರಾಯ್ಡ್ 6ರಿಂದ ಡೋಜ್ ಅನ್ನುವ ಬ್ಯಾಟರಿ ಉಳಿಸುವ ವ್ಯವಸ್ಥೆ ಬಂದಿದೆ, ಅದರ ಮೇಲೆ ಒಬ್ಬೊಬ್ಬ ತಯಾರಕರದ್ದು ಒಂದೊಂದು ಬ್ಯಾಟರಿ ಉಳಿತಾಯದ ಕಾನೂನು. ದುಡ್ಡು ಕೊಟ್ಟು ಕೊಂಡ ಒಂದು ಟ್ರಾನ್ಸ್‌ಫರ್ ಆಪ್ (ಹೆಸರು ಬೇಡ) ಹತ್ತು ಜಿಬಿ ದಾಟುತ್ತಿದ್ದ ಹಾಗೆ ತಪ್ಪದೇ ಸಾಯುತ್ತಿತ್ತು. ಪ್ರೀಮಿಯಂ ತಗೊಂಡರೆ ಸರಿಹೋಗುತ್ತದೆ ಅಂತ ಅದೇ ಆಪು ಹೇಳುತ್ತಿತ್ತು. ತಗೊಂಡೆ, ಜಾಹೀರಾತು ಹೋಯಿತು, ಸಾಯುವುದು ಹೋಗಲಿಲ್ಲ. ಲೋಕಲ್‌ಸೆಂಡ್, ಸಿಂಕ್‌ಥಿಂಗ್ ಬಿಟ್ಟಿ ಸಿಗುತ್ತವೆ, ಒಳ್ಳೆಯವೂ ಹೌದು. ದಿನದಿನದ ಸಣ್ಣಪುಟ್ಟ ಕ್ಲಿಪ್‌ಗಳಿಗೆ ಇವತ್ತಿಗೂ ಲೋಕಲ್‌ಸೆಂಡೇ ನನ್ನದು.

ಪೆನ್‌ಡ್ರೈವನ್ನು ನೇರ ಫೋನಿಗೆ ಚುಚ್ಚುವ ಒಟಿಜಿ ಕಥೆ ಎಲ್ಲರಿಗೂ ಗೊತ್ತಿರುವುದೇ. ಅಂಗಡಿಯಿಂದ ಬಂದ ಹಾಗೇ ಫ್ಯಾಟ್32 ಅನ್ನುವ ಹಳೆಯ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗೆ ಒಂದೇ ಒಂದು ಬೈಟ್ ಕಡಿಮೆಯ ತನಕ ಮಾತ್ರ ಒಂದು ಫೈಲು. 64 ಜಿಬಿ ಖಾಲಿ ಇದ್ದರೂ ಜಾಗವಿಲ್ಲ ಅನ್ನುವ ಸಂದೇಶ ಬರುತ್ತದೆ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಆ ತೊಂದರೆ ಹೋಗುತ್ತದೆ. ಎಕ್ಸ್‌ಫ್ಯಾಟ್ 2006ರದ್ದಾದರೂ ಲಿನಕ್ಸ್ ಕರ್ನಲ್‌ಗೆ (ಆಂಡ್ರಾಯ್ಡ್‌ನ ಒಳಗಿರುವುದೂ ಅದೇ) ಅದರ ನೆಟ್ಟಗಿನ ಡ್ರೈವರ್ ಬಂದಿದ್ದು 2020ರಲ್ಲಿ, 5.7 ಆವೃತ್ತಿಗೆ. ಅದಕ್ಕೇ ಹಳೆಯ ಫೋನುಗಳು ಕೆಲವು ಅದನ್ನು ಓದುತ್ತವೆ, ಕೆಲವು ಮುಖ ತಿರುಗಿಸುತ್ತವೆ. ಅಗ್ಗದ ಪೆನ್‌ಡ್ರೈವ್‌ಗಳಿಗೆ ಇನ್ನೊಂದು ಚಾಳಿ ಇದೆ. ಮೊದಲ ಕೆಲವು ಜಿಬಿ ಓಡೋಡಿ ಬರೆಯುತ್ತವೆ, ಒಳಗಿನ ಕ್ಯಾಶ್ ತುಂಬಿದ ಮೇಲೆ ಸೆಕೆಂಡಿಗೆ ಹತ್ತು ಹದಿನೈದು ಎಂಬಿಗೆ ಬಂದು ಕೂರುತ್ತವೆ, ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುತ್ತವೆ. ಒಳ್ಳೆಯ ಎಸ್‌ಎಸ್‌ಡಿಯನ್ನು ನೇರ ಫೋನಿಗೆ ಚುಚ್ಚುವುದು ನಿಜಕ್ಕೂ ಒಳ್ಳೆಯ ದಾರಿ, ಅದರ ಬಗ್ಗೆ ತಕರಾರಿಲ್ಲ. ನನ್ನ ತಕರಾರು ದುಡ್ಡಿನದು, ಮತ್ತೆ ಅದರಲ್ಲೂ ಕಾಪಿ ಎರಡು ಸಲ ನಡೆಯಬೇಕು ಅನ್ನುವುದು.

ಈಗ ಕೇಬಲ್ಲು. ಇದರ ಬಗ್ಗೆ ಒಂದು ಪುಸ್ತಕವೇ ಬರೆಯಬಹುದು.

ಟೈಪ್-ಸಿ ಅನ್ನುವುದು ಆಕಾರದ ಹೆಸರು ಮಾತ್ರ. ಒಳಗೆ ಯುಎಸ್‌ಬಿ 2.0 ಇರಬಹುದು, 3 ಇರಬಹುದು. ಫೋನಿನ ಡಬ್ಬಿಯಲ್ಲಿ ಬರುವ ಬಹಳಷ್ಟು ಕೇಬಲ್‌ಗಳು ಚಾರ್ಜಿಂಗ್‌ಗೆ ಮಾಡಿದ 2.0 ಕೇಬಲ್‌ಗಳು. 480 ಎಂಬಿಪಿಎಸ್ ಅಂದರೆ ಎಂಟರಿಂದ ಭಾಗಿಸಿ 60 ಎಂಬಿ ಅಂತ ಲೆಕ್ಕ ಹಾಕಬೇಡಿ, ಕೈಗೆ ಬರುವುದು 35ರಿಂದ 40. 40 ಜಿಬಿಗೆ ಹದಿನೆಂಟು ಇಪ್ಪತ್ತು ನಿಮಿಷ. ಅದು ಕೆಟ್ಟದ್ದೇನಲ್ಲ, ಪೂರ್ತಿ ಬಂದರೆ. ನನ್ನ ಹತ್ತಿರ ಒಂದು ಡ್ರಾಯರ್ ತುಂಬ ಕೇಬಲ್ ಇದ್ದವು, ಒಂದು ಮಧ್ಯಾಹ್ನ ಕೂತು ಒಂದೊಂದನ್ನೇ ಪರೀಕ್ಷಿಸಿದೆ. ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಅನ್ನುವ ಆಜ್ಞೆಗೆ ಟಿ ಆಯ್ಕೆ ಕೊಟ್ಟರೆ ಪೋರ್ಟುಗಳ ಮರ ಬರುತ್ತದೆ, ಫೋನಿನ ಸಾಲಿನ ಕೊನೆಯಲ್ಲಿ 480ಎಂ ಅಂತ ಇದ್ದರೆ 2.0, 5000ಎಂ ಇದ್ದರೆ 3. ಡ್ರಾಯರಿನಲ್ಲಿ 5000 ತೋರಿಸಿದ್ದು ಎರಡೋ ಮೂರೋ ಅಷ್ಟೆ. ಅತಿ ದುಬಾರಿಯದ್ದು, ಹೆಣೆದ ನೂಲಿನ ಹೊದಿಕೆಯದ್ದು, ನೋಡಲು ಭರ್ಜರಿ, 480. ಹಳೇ ಹಾರ್ಡ್‌ಡಿಸ್ಕ್ ಡಬ್ಬಿಯ ಜೊತೆ ಬಂದಿದ್ದ ಮೊಂಡು ಗಿಡ್ಡ ಕೇಬಲ್ಲು, 5000. ಅದಕ್ಕೆ ಕೆಂಪು ಟೇಪು ಸುತ್ತಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ, ಚಾರ್ಜಿಂಗ್‌ಗೆ ಯಾರು ಕೇಳಿದರೂ ಕೊಡುವುದಿಲ್ಲ.

ಇನ್ನೂ ಒಂದು ವಿಚಿತ್ರ. ಸವೆದ ಒಂದು ಟೈಪ್-ಸಿ ಕೇಬಲ್ ಒಂದು ಮಗ್ಗುಲಲ್ಲಿ ಚುಚ್ಚಿದರೆ 5000 ತೋರಿಸುತ್ತಿತ್ತು, ತಿರುಗಿಸಿ ಚುಚ್ಚಿದರೆ 480. ವೇಗದ ಸಂಕೇತಕ್ಕೆ ಎರಡು ಮಗ್ಗುಲಲ್ಲೂ ಬೇರೆ ಬೇರೆ ಜೋಡಿ ತಂತಿ ಇರುತ್ತವೆ, ಒಂದು ಜೋಡಿ ಸತ್ತರೂ 2.0ರ ತಂತಿಯಲ್ಲಿ ಕುಂಟುತ್ತಾ ಸಾಗುತ್ತದೆ. ಹಳೆಯ ಚಪ್ಪಟೆ ಟೈಪ್-ಎ ತುದಿಯನ್ನು ನಿಧಾನವಾಗಿ ತಳ್ಳಿದರೂ ಹೀಗೆ ಆಗುವುದುಂಟು. 2.0ರ ಪಿನ್ನುಗಳು ಮೊದಲು ತಾಗುತ್ತವೆ, ಕಂಪ್ಯೂಟರು ಅಷ್ಟಕ್ಕೇ ಒಪ್ಪಂದ ಮುಗಿಸಿಬಿಡುತ್ತದೆ. ಒಂದೇ ಏಟಿಗೆ ಗಟ್ಟಿಯಾಗಿ ತಳ್ಳಿ. ನಂಬದವರು ಹತ್ತು ಸಲ ನಿಧಾನವಾಗಿ ತಳ್ಳಿ ನೋಡಿಕೊಳ್ಳಲಿ.

ಫೋನಿನ ಪೋರ್ಟೇ 2.0 ಆಗಿದ್ದರೆ ಯಾವ ಕೇಬಲ್ಲೂ ಉದ್ಧಾರ ಮಾಡುವುದಿಲ್ಲ, ಅದನ್ನು ಮೊದಲೇ ನೋಡಿಕೊಂಡು ದುಡ್ಡು ಉಳಿಸಿ. ಐಫೋನ್ 15 ಟೈಪ್-ಸಿ ಆದರೂ 480 ಎಂಬಿಪಿಎಸ್. 15 ಪ್ರೊ 10 ಜಿಬಿಪಿಎಸ್ ತನಕ ಹೋಗುತ್ತದೆ, ಆದರೆ ಅದರ ಡಬ್ಬಿಯಲ್ಲಿರುವ ಕೇಬಲ್ 2.0.

ದಾರಿಗೆ ಬರುತ್ತೇನೆ. ಫೋನಿನ ಫೈಲನ್ನು ಕಂಪ್ಯೂಟರಿಗೆ ಎಳೆಯುವ ಎಡಿಬಿ ಪುಲ್ ಬಹಳ ಜನಕ್ಕೆ ಗೊತ್ತು. ಎಂಟಿಪಿಗಿಂತ ಎಷ್ಟೋ ವಾಸಿ, ಎ ಆಯ್ಕೆ ಕೊಟ್ಟರೆ ಫೈಲಿನ ದಿನಾಂಕವನ್ನೂ ಉಳಿಸುತ್ತದೆ. ಇತ್ತೀಚಿನ ಎಡಿಬಿಯಲ್ಲಿ ಸಾಗಿಸುವಾಗ ಕಂಪ್ರೆಸ್ ಮಾಡುವ ವ್ಯವಸ್ಥೆಯೂ ಇದೆ, ವಿಡಿಯೋಗೆ ಅದು ದಂಡ, ದೊಡ್ಡಕ್ಷರದ ಜೆಡ್ ಆಯ್ಕೆ ಕೊಟ್ಟು ನಿಲ್ಲಿಸಿ. ಇಷ್ಟೆಲ್ಲ ಇದ್ದೂ ಮೂಲ ಕೊರತೆ ಹಾಗೇ ಇದೆ. ಪುಲ್ ಮಧ್ಯದಲ್ಲಿ ಮುರಿದರೆ ಮುಂದುವರಿಸಲು ಬರುವುದಿಲ್ಲ, ಮೊದಲಿಂದ ಬರೆಯುತ್ತದೆ.

ಎಡಿಬಿಯಲ್ಲಿ ಫಾರ್ವರ್ಡ್ ಅಂತ ಇನ್ನೊಂದು ಆಜ್ಞೆ ಇದೆ. ಕಂಪ್ಯೂಟರಿನ ಒಂದು ನೆಟ್‌ವರ್ಕ್ ಪೋರ್ಟನ್ನು (ಕೇಬಲ್ ಚುಚ್ಚುವ ಪೋರ್ಟಲ್ಲ, ಸಂಪರ್ಕದ ಗುರುತಿನ ಸಂಖ್ಯೆ) ಕೇಬಲ್ ಮೂಲಕ ಫೋನಿನ ಪೋರ್ಟಿಗೆ ಬೆಸೆಯುತ್ತದೆ. ಟರ್ಮಕ್ಸ್‌ನಲ್ಲಿ ಎಸ್‌ಎಸ್‌ಎಚ್ ಸರ್ವರ್ ಕೂರುವುದು 8022ರಲ್ಲಿ. 8022ಕ್ಕೆ 8022 ಬೆಸೆದರೆ ಕಂಪ್ಯೂಟರಿಗೆ ಫೋನು ತನ್ನೊಳಗೇ ಇರುವ ಇನ್ನೊಂದು ಯಂತ್ರದಂತೆ ಕಾಣುತ್ತದೆ. ವೈಫೈ ಆರಿಸಿದ್ದರೂ, ಏರೋಪ್ಲೇನ್ ಮೋಡಿನಲ್ಲಿದ್ದರೂ ನಡೆಯುತ್ತದೆ. ಅದರ ಮೇಲೆ ಆರ್‌ಸಿಂಕ್. ಜನ ನಕ್ಕಿದ್ದು ಈ ಜಾಗದಲ್ಲೇ.

ಟರ್ಮಕ್ಸ್ ಎಫ್-ಡ್ರಾಯ್ಡ್ ಅನ್ನುವ ಆಪ್ ಅಂಗಡಿಯಿಂದ ಹಾಕಿಕೊಂಡೆ. ಓಪನ್‌ಎಸ್‌ಎಸ್‌ಎಚ್, ಆರ್‌ಸಿಂಕ್ ಎರಡು ಪ್ಯಾಕೇಜು, ಸ್ಟೋರೇಜ್ ಅನುಮತಿ, ಪಾಸ್‌ವರ್ಡ್ ಬದಲು ಕೀ. ಇಷ್ಟು ಒಮ್ಮೆ ಮಾಡಿದರೆ ಮುಗಿಯಿತು. ಪ್ರತಿ ಸಲ ಮಾಡಬೇಕಾದದ್ದು ಫೋನು ನಿದ್ದೆಗೆ ಜಾರದಂತೆ ಟರ್ಮಕ್ಸ್‌ನ ವೇಕ್-ಲಾಕ್ ಹಾಕುವುದು, ಸರ್ವರ್ ಎಬ್ಬಿಸುವುದು. ಬ್ಯಾಟರಿ ಸೆಟ್ಟಿಂಗಿನಲ್ಲಿ ಟರ್ಮಕ್ಸ್‌ಗೆ ವಿನಾಯಿತಿ ಕೊಡದಿದ್ದರೆ ವೇಕ್-ಲಾಕ್ ಇದ್ದೂ ಕೆಲವು ಫೋನು ಕೊಲ್ಲುತ್ತವೆ. ಡೆವಲಪರ್ ಆಯ್ಕೆಗಳಲ್ಲಿ ಚಾರ್ಜ್ ಆಗುವಾಗ ಪರದೆ ಆರದಂತೆ ಮಾಡುವ ಒಂದು ಸ್ವಿಚ್ ಇದೆ, ಮೊದಮೊದಲು ಅದನ್ನೂ ಒತ್ತಿಡುತ್ತಿದ್ದೆ. ಈಗ ಬೇಕಾಗಿಲ್ಲ.

ಆರ್‌ಸಿಂಕ್‌ಗೆ ಬರೀ ಪಾರ್ಶಿಯಲ್ ಆಯ್ಕೆ (ಅರ್ಧ ಬಂದದ್ದನ್ನು ಅಳಿಸದೆ ಇಡುವುದು) ಕೊಡುವುದು ಎಲ್ಲ ಕಡೆ ಸಿಗುವ ಸಲಹೆ. ದೊಡ್ಡ ವಿಡಿಯೋಗೆ ಅದು ಸಾಲದು. ಮುರಿದ ಮೇಲೆ ಮತ್ತೆ ಓಡಿಸಿದರೆ ಎರಡೂ ಕಡೆ ತುಂಡುತುಂಡಾಗಿ ಚೆಕ್‌ಸಮ್ (ಒಳಗಿನ ವಿಷಯದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಹಾಕಿ ಹೋಲಿಸಲು ಕೂರುತ್ತದೆ, 30 ಜಿಬಿಗೆ ಫೋನಿನ ಪ್ರೊಸೆಸರ್ ಕಾದ ಹೆಂಚಾಗುತ್ತದೆ. ನಮಗೆ ಬೇಕಾದದ್ದು ಅಪೆಂಡ್-ವೆರಿಫೈ. ಶೂಟ್ ಮಾಡಿದ ಫೈಲು ಬದಲಾಗುವ ವಸ್ತುವಲ್ಲ, ಹಾಗಾಗಿ ಇದ್ದದ್ದರ ಕೊನೆಗೆ ಸೇರಿಸುತ್ತಾ ಹೋದರೆ ಸಾಕು. ಕೊನೆಯಲ್ಲಿ ಮೊದಲು ಬಂದಿದ್ದ ಭಾಗವನ್ನೂ ಸೇರಿಸಿ ಇಡೀ ಫೈಲಿನ ಚೆಕ್‌ಸಮ್ ತಾಳೆ ನೋಡುತ್ತದೆ, ತಪ್ಪಿದ್ದರೆ ತಾನೇ ಮತ್ತೆ ಸರಿಮಾಡುತ್ತದೆ. ಆರ್‌ಸಿಂಕ್ 3.0ರಿಂದಲೂ ಇರುವ ಆಯ್ಕೆ, ಯಾಕೋ ಜನ ಇದರ ಹೆಸರೇ ಎತ್ತುವುದಿಲ್ಲ. ದಿನಾಂಕಕ್ಕೆ ಟಿ, ಪ್ರಗತಿ ನೋಡಲು ಪ್ರೋಗ್ರೆಸ್. ಕಂಪ್ರೆಸ್ ಮಾಡುವ ಜೆಡ್ ಬೇಡವೇ ಬೇಡ.

ಒಂದು ಎಚ್ಚರಿಕೆ. ಮುರಿದದ್ದನ್ನು ಮುಂದುವರಿಸುವಾಗ ಮೊದಲ ಕೆಲವು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಪ್ರಗತಿಯ ಸಾಲು ಅಲ್ಲಾಡುವುದಿಲ್ಲ, ವೇಗ ಸೊನ್ನೆ. ಈಗಾಗಲೇ ಬಂದ ಭಾಗವನ್ನು ಫೋನು ಓದಿ ಲೆಕ್ಕ ಹಾಕುತ್ತಿರುತ್ತದೆ, ಕಂಟ್ರೋಲ್-ಸಿ ಒತ್ತಬೇಡಿ. ನಾನು ಡಿಸ್ಕ್ ದೀಪ ನೋಡಿಕೊಂಡು ಸುಮ್ಮನಿರುತ್ತೇನೆ. ಆಮೇಲೆ ಅಂಕಿ ಒಮ್ಮೆಗೇ ಎಪ್ಪತ್ತು ಎಂಬತ್ತು ಶೇಕಡಾದಿಂದ ಶುರುವಾಗುತ್ತದೆ. ಆ ಗಳಿಗೆಯ ಸುಖ ಎಂಟಿಪಿಯಲ್ಲಿ ಬೆಂದವರಿಗೇ ಗೊತ್ತು.

ವೇಗ ಎಷ್ಟು ಅಂತ ಕೇಳುತ್ತಾರೆ. 2.0 ಕೇಬಲ್ಲಿನಲ್ಲಿ 30 ಚಿಲ್ಲರೆ ಎಂಬಿ. ಕೆಂಪು ಟೇಪಿನ ಕೇಬಲ್ಲಿನಲ್ಲಿ ನೂರರ ಆಚೀಚೆ. ನೇರ ಪುಲ್ ಇದಕ್ಕಿಂತ ಜೋರು ಹೋಗುತ್ತದೆ, ಒಪ್ಪುತ್ತೇನೆ. ಇಲ್ಲಿ ಎಸ್‌ಎಸ್‌ಎಚ್ ಗೂಢಲಿಪಿಯ ಭಾರ ಇದೆ. ಯಾವ ಸೈಫರ್ (ಗೂಢಲಿಪಿಯ ವಿಧಾನ) ಆರಿಸಿದರೆ ಫೋನಿನ ಪ್ರೊಸೆಸರಿಗೆ ಹಗುರ ಅನ್ನುವುದರಲ್ಲಿ ಒಂದಷ್ಟು ಗಳಿಕೆ ಇದೆ, ಅದನ್ನು ನೀವೇ ಅಳೆದುಕೊಳ್ಳಿ, ಫೋನಿಂದ ಫೋನಿಗೆ ಬದಲಾಗುತ್ತದೆ. ಎಸ್‌ಎಸ್‌ಎಚ್‌ನ್ನೇ ಪೂರ್ತಿ ಕೈಬಿಟ್ಟು ಇದೇ ಕೇಬಲ್ಲಿನಲ್ಲಿ ಹೋಗುವ ಇನ್ನೊಂದು ರೂಪ ನನ್ನ ಹತ್ತಿರ ಇದೆ, ಗಮನಾರ್ಹವಾಗಿ ಜೋರು. ಅದು ಇಲ್ಲಿ ಬರೆಯುವುದಿಲ್ಲ. ಆರ್‌ಸಿಂಕ್ ಕೈಪಿಡಿ ಪೂರ್ತಿ ಓದಿದವರಿಗೆ ಹೊಳೆಯುತ್ತದೆ, ಓದದವರಿಗೆ ನಾನು ಹೇಳಿದರೂ ಪ್ರಯೋಜನವಿಲ್ಲ.

ವಿಂಡೋಸ್‌ನವರು ಇದನ್ನು ಡಬ್ಲ್ಯುಎಸ್‌ಎಲ್ (ವಿಂಡೋಸ್‌ನಲ್ಲಿ ಲಿನಕ್ಸ್ ಓಡಿಸುವ ವ್ಯವಸ್ಥೆ) ಒಳಗಿಂದ ಮಾಡಬಹುದು. ಅಲ್ಲಿನ ಲೋಕಲ್‌ಹೋಸ್ಟ್ (ಯಂತ್ರ ತನ್ನನ್ನು ತಾನೇ ಕರೆಯುವ ವಿಳಾಸ) ಬೇರೆ, ವಿಂಡೋಸ್‌ನ ಲೋಕಲ್‌ಹೋಸ್ಟ್ ಬೇರೆ. ವಿಂಡೋಸ್ 11ರಲ್ಲಿ ನೆಟ್‌ವರ್ಕನ್ನು ಮಿರರ್ಡ್ ಮಾಡಿಕೊಂಡರೆ ಒಂದಾಗುತ್ತವೆ. ಡಬ್ಲ್ಯುಎಸ್‌ಎಲ್ 2ರಿಂದ ಸಿ ಡ್ರೈವಿಗೆ ಬರೆಯುವುದು ನಿಧಾನ ಅನ್ನುವುದು ನೆನಪಿರಲಿ.

ಈ ಮಧ್ಯೆ ಮಾಡಿದ ಅಡ್ಡಪ್ರಯೋಗಗಳು ಬೇಕಾದಷ್ಟು. ಟಾರ್ (ಹಲವು ಫೈಲನ್ನು ಒಂದೇ ಕಟ್ಟು ಮಾಡುವ ಸಾಧನ) ಪೈಪ್ ಮಾಡಿ ನೋಡಿದೆ, ಎಡಿಬಿ ಎಕ್ಸೆಕ್-ಔಟ್‌ನಲ್ಲಿ ಟಾರ್ ಹೊರಗೆ ಸುರಿದು ಈಚೆ ಬಿಚ್ಚುವುದು. ಸಾವಿರಾರು ಸಣ್ಣ ಫೋಟೋಗಳಿಗೆ ಅದ್ಭುತ, ಒಂದೇ ದೊಡ್ಡ ಫೈಲಿಗೆ ಏನೂ ಲಾಭವಿಲ್ಲ. ಪೈಥಾನ್‌ನ ಒಂದು ಸಾಲಿನ ವೆಬ್ ಸರ್ವರ್ ಫೋನಿನಲ್ಲಿ ಎಬ್ಬಿಸಿ ಬ್ರೌಸರಿನಿಂದ ಇಳಿಸಿದೆ. ಸರಳ, ಚಂದ. ಆದರೆ ಅದಕ್ಕೆ ರೇಂಜ್ ಕೋರಿಕೆ (ಇಂಥ ಜಾಗದಿಂದ ಮುಂದಿನದ್ದು ಮಾತ್ರ ಕೊಡು ಅನ್ನುವುದು) ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಮುರಿದರೆ ಅದೇ ಹಾಡು. ಫೋನಿನಲ್ಲೇ ಸ್ಪ್ಲಿಟ್‌ನಿಂದ 2 ಜಿಬಿ ತುಂಡು ಮಾಡಿ ಕಳಿಸಿ ಈಚೆ ಕ್ಯಾಟ್‌ನಿಂದ ಜೋಡಿಸಿದೆ. ಕೆಲಸ ಮಾಡುತ್ತದೆ, ಆದರೆ ತುಂಡಿಗೂ ಮೂಲಕ್ಕೂ ಸೇರಿ ಫೋನಿನಲ್ಲಿ ಎರಡರಷ್ಟು ಜಾಗ ಬೇಕು. 40 ಜಿಬಿ ತೆಗೆದ ಮೇಲೆ ಅಷ್ಟು ಜಾಗ ಯಾರ ಫೋನಿನಲ್ಲಿರುತ್ತದೆ? ಜಿಪ್ ಮಾಡಿದರೆ ಚಿಕ್ಕದಾದೀತೇ ಅಂತ ಯಾರೋ ಕೇಳಿದ್ದಕ್ಕೆ ಅದನ್ನೂ ಮಾಡಿ ತೋರಿಸಿದೆ. ನೂರಕ್ಕೆ ಒಂದು ಪಾಲೂ ಇಳಿಯಲಿಲ್ಲ, ಫೋನು ಮಾತ್ರ ಚೆನ್ನಾಗಿ ಬಿಸಿಯಾಯಿತು.

ದಿನಾಂಕದ ಪ್ರಯೋಗ ಮಾತ್ರ ಉಪಯೋಗಕ್ಕೆ ಬಂತು. ಹಿಂದೆ ಬೇರೆ ಬೇರೆ ಆಪ್‌ಗಳಲ್ಲಿ ಇಳಿಸಿದ ಹಳೆಯ ವಿಡಿಯೋಗಳಿಗೆಲ್ಲ ಇಳಿಸಿದ ದಿನವೇ ದಿನಾಂಕವಾಗಿ ಕೂತಿತ್ತು. ಎಂಪಿ4 ಒಳಗೆ ಚಿತ್ರೀಕರಿಸಿದ ಸಮಯ ಬೇರೆಯೇ ಇರುತ್ತದೆ, 1904ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳ ರೂಪದಲ್ಲಿ, ಯುಟಿಸಿಯಲ್ಲಿ (ಜಾಗತಿಕ ಸಮಯ). ಎಕ್ಸಿಫ್‌ಟೂಲ್‌ನಿಂದ ಅದನ್ನು ಹೊರತೆಗೆದು ಫೈಲಿನ ದಿನಾಂಕಕ್ಕೆ ಕೂರಿಸಿದೆ. ಒಂದು ಸಂಜೆಯಲ್ಲಿ ಕೆಲವು ವರ್ಷಗಳ ಗೊಂದಲ ಹೋಯಿತು. ಕೆಲವು ಫೈಲುಗಳು 1904ರಲ್ಲೇ ತೆಗೆದವು ಅಂತ ತೋರಿಸಿದವು, ಅಂದರೆ ಒಳಗೆ ಸೊನ್ನೆ ಬರೆದಿದೆ ಅಂತ ಅರ್ಥ, ಎಡಿಟಿಂಗ್ ಆಪ್ ಯಾವುದೋ ಅಳಿಸಿ ಹಾಕಿರಬೇಕು.

ಇಳಿಯುವ ಕಡೆಯ ಡಿಸ್ಕನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೆಯ ಹಾರ್ಡ್‌ಡಿಸ್ಕ್ ನೂರು ಎಂಬಿ ಬರೆಯಲಾರದಿದ್ದರೆ ಕೇಬಲ್ ಬಯ್ದು ಏನು ಫಲ? ಲಿನಕ್ಸ್‌ನಲ್ಲಿ ಹೊರಗಿನ ಡ್ರೈವಿಗೆ ಬರೆಯುವಾಗ ನೂರು ಶೇಕಡಾ ಅಂತ ಕಂಡರೂ ಇನ್ನೂ ಕೆಲವು ಜಿಬಿ ರ‍್ಯಾಮ್‌ನಲ್ಲೇ ಕೂತಿರಬಹುದು. ಸಿಂಕ್ ಅಂತ ಒಂದು ಪದ ಟೈಪ್ ಮಾಡಿ ಅದು ಮರಳುವ ತನಕ ಡ್ರೈವ್ ಕೀಳಬೇಡಿ. ಶೂಟಿಂಗ್ ಮುಗಿದ ಕೂಡಲೇ ಬಿಸಿ ಫೋನನ್ನು ಹಾಗೇ ಚುಚ್ಚಬೇಡಿ. ಕವಚ ಬಿಚ್ಚಿ ಕಾಲು ಗಂಟೆ ಬಿಟ್ಟರೆ ವೇಗ ಕಣ್ಣಿಗೆ ಕಾಣುವಷ್ಟು ಬೇರೆ.

ಐಫೋನಿಗೆ ಈ ದಾರಿ ಇಲ್ಲ, ಅಲ್ಲಿ ನನ್ನ ಅನುಭವವೂ ಕಡಿಮೆ. ವಿಂಡೋಸ್‌ಗೆ ಇಳಿಸುವಾಗ ಸಾಧನ ಕೆಲಸ ಮಾಡುತ್ತಿಲ್ಲ ಅನ್ನುವ ದೋಷ ಬಂದರೆ ಫೋಟೋಸ್ ಸೆಟ್ಟಿಂಗಿನ ತಳದಲ್ಲಿ, ಮ್ಯಾಕ್ ಅಥವಾ ಪಿಸಿಗೆ ಸಾಗಿಸುವ ಜಾಗದಲ್ಲಿ, ಆಟೊಮ್ಯಾಟಿಕ್ ತೆಗೆದು ಮೂಲ ಫೈಲುಗಳನ್ನೇ ಇಡು ಅನ್ನುವುದನ್ನು ಆರಿಸಿ. ಆಟೊಮ್ಯಾಟಿಕ್‌ನಲ್ಲಿ ಅದು ಸಾಗಿಸುತ್ತಲೇ ಬೇರೆ ರೂಪಕ್ಕೆ ಬದಲಿಸಲು ಹೊರಡುತ್ತದೆ, ಮಧ್ಯದಲ್ಲಿ ಎಡವುತ್ತದೆ. ಎರಡು ಮೂರು ಜನರಿಗೆ ಇದೊಂದೇ ಹೇಳಿ ಮಾಂತ್ರಿಕ ಅನ್ನಿಸಿಕೊಂಡಿದ್ದೇನೆ. ಪ್ರೊರೆಸ್‌ನಲ್ಲಿ (ಆಪಲ್‌ನ ಭಾರೀ ಗಾತ್ರದ ವಿಡಿಯೋ ರೂಪ) ತೆಗೆಯುವವರು, 4ಕೆ 30ರಲ್ಲಿ ನಿಮಿಷಕ್ಕೆ 6 ಜಿಬಿ ತಿನ್ನುವವರು, ನೇರ ಎಸ್‌ಎಸ್‌ಡಿಗೇ ರೆಕಾರ್ಡ್ ಮಾಡಿಕೊಳ್ಳಲಿ, ಅವರಿಗೆ ಅದೇ ವಾಸಿ.

ಒಟ್ಟು ದುಡ್ಡಿನ ಲೆಕ್ಕ ಹಾಕಿದರೆ ನಗು ಬರುತ್ತದೆ. ಕ್ಲೌಡ್ ಬಾಡಿಗೆ, ಪ್ರೀಮಿಯಂ ಆಪು, ಎರಡು ಪೆನ್‌ಡ್ರೈವ್, ಒಂದು ಕಾರ್ಡ್ ರೀಡರ್ (ಕಾರ್ಡ್ ಸ್ಲಾಟ್ ಇಲ್ಲದ ಫೋನಿಗೆ ಬದಲಾದ ಮೇಲೆ ಅದು ಪೇಪರ್‌ವೇಟ್), ಹೆಣೆದ ನೂಲಿನ ಕೇಬಲ್ಲು. ಇವೆಲ್ಲ ಸೇರಿ ಒಂದು ಮಧ್ಯಮ ಫೋನಿನ ಅರ್ಧ ಬೆಲೆಯಾದರೂ ಆಗಿರಬೇಕು. ಕೊನೆಗೆ ನಿಂತ ದಾರಿಗೆ ಆದ ಖರ್ಚು ಸೊನ್ನೆ, ಕೇಬಲ್ಲೂ ಮೊದಲೇ ಮನೆಯಲ್ಲಿದ್ದದ್ದು.

ಅಳಿಸುವ ಮೊದಲು ಎರಡೂ ಕಡೆ ಎಸ್‌ಎಚ್‌ಎ256 ಚೆಕ್‌ಸಮ್ ತೆಗೆದು ತಾಳೆ ನೋಡುತ್ತೇನೆ. ಆರ್‌ಸಿಂಕ್ ನೋಡಿರುತ್ತದಲ್ಲ ಅಂತ ಕೇಳಬಹುದು. ಅದು ನೋಡಿರುವುದು ದಾರಿಯಲ್ಲಿ ಬಂದದ್ದನ್ನು, ನಾನು ನೋಡುವುದು ಡಿಸ್ಕಿನಿಂದ ಮತ್ತೆ ಓದಿದ್ದನ್ನು. ಎಡಿಬಿ ಶೆಲ್‌ನಲ್ಲೇ ಆ ಆಜ್ಞೆ ಇದೆ, ಟರ್ಮಕ್ಸ್ ಕೂಡ ಬೇಡ. 40 ಜಿಬಿಗೆ ಕೆಲವು ನಿಮಿಷ ಹಿಡಿಯುತ್ತದೆ. ಎರಡೂ ಸಾಲು ಒಂದೇ ಇದ್ದರೆ ಫೋನಿನಲ್ಲಿ ಅಳಿಸುತ್ತೇನೆ. ಗ್ಯಾಲರಿಯಿಂದ ಅಳಿಸಿದರೆ ಅದು ಕಸದ ಬುಟ್ಟಿಗೆ ಹೋಗಿ ಸಾಮಾನ್ಯವಾಗಿ 30 ದಿನ ಅಲ್ಲೇ ಕೂರುತ್ತದೆ, ಜಾಗ ಒಂದಿಷ್ಟೂ ಬಿಡುಗಡೆಯಾಗುವುದಿಲ್ಲ. ಮಾರನೇ ದಿನ ಶೂಟಿಂಗ್ ಇದ್ದರೆ ಬುಟ್ಟಿಯನ್ನೂ ಖಾಲಿ ಮಾಡಿ ಹೊರಡಿ.